ಹೊನ್ನಕ್ಕನಕೆರೆಯ ಬೇಸಿಗೆ ಗೆರೆ

ಅಕ್ಟೋಬರ್ 8, ಮಂಗಳವಾರ

ಏಳು ಗಂಟೆಯೊಳಗೆ ತೂಕ ಮುಗಿಯಿತು. ಕಾಟ್ಲಾ ಒಂಬತ್ತು, ಜಿಲೇಬಿ ಮೀನು ಎರಡು ಬಿದಿರು ಮಂಕರಿ, ಮಿಕ್ಕಿದ್ದು ಚಿಲ್ಲರೆ. ತಕ್ಕಡಿಯ ಬ್ಯಾಟರಿ ಮತ್ತೆ ಕೈಕೊಟ್ಟಿತು. ಅಂಕಯ್ಯ ತಾತ ಒಂದೊಂದು ಮೀನನ್ನೂ ಅಂಗೈಯಲ್ಲಿ ತೂಗಿ "ಎಲ್ಡೂ ಕಾಲು... ಮೂರು... ಬರ್ಕ ಕಣಮ್ಮಿ" ಅನ್ನುತ್ತಾ ಹೋದರು. ಬರೆಯುತ್ತಾ ಹೋದೆ. ಎಂಬತ್ತು ವರ್ಷದ ಕೈ, ತಪ್ಪುವುದಿಲ್ಲ.

ರಿಜಿಸ್ಟರ್ ಮುಚ್ಚುವಷ್ಟರಲ್ಲಿ ಮಂಡ್ಯದ ಮೀನುಗಾರಿಕೆ ಇಲಾಖೆಯಿಂದ ಫೋನು. "ಹೊನ್ನಕ್ಕನಕೆರೆ ಮೀನುಗಾರರ ಸಂಘದ ಕಾರ್ಯದರ್ಶಿ ಮಂಜುಶ್ರೀ ಅವರಾ?" ನಾನೇ! ನಾನೇ ಸಾರ್! ಎರಡು ವರ್ಷದ ಹಿಂದೆ ಹಾಕಿದ ಅರ್ಜಿ. ಆಯ್ಕೆಯಾಗಿದೆಯಂತೆ!!

ಮೀನು ಇಳಿದಾಣ. ತೆಪ್ಪ ಕಟ್ಟಲು ಕಟ್ಟೆ, ಹತ್ತಿ ಇಳಿಯಲು ಕಾಂಕ್ರೀಟು, ತೂಕಕ್ಕೆ ನೆರಳು. ಪೂರ್ತಿ ಸರ್ಕಾರದ ದುಡ್ಡು. ಒಂದು ಸಂಘಕ್ಕೆ ಒಂದೇ ಸಲ ಸಿಗುವುದು.

ತೂಬಿನ ಹತ್ತಿರ ಕುಣಿದುಬಿಟ್ಟೆ. ಮಳವಳ್ಳಿ ಕಾಲೇಜಿನ ಬಿ.ಕಾಂ., ಇಪ್ಪತ್ತೆಂಟು ವರ್ಷ, ಸಂಘದ ಕಾರ್ಯದರ್ಶಿ, ರಸ್ತೆಯಲ್ಲಿ ಕುಣಿದಳು. ಯಾರಾದರೂ ನೋಡಿದರೆ ನೋಡಲಿ. ಟೀ ಅಂಗಡಿ ಮಹದೇವು ನೋಡಿದ. "ಏನಮ್ಮಿ, ಮೀನ್ ಕಚ್ತಾ?"

ಅವ್ವನಿಗೆ ಹೇಳಿದೆ. ನನ್ನ ಮುಖವನ್ನೇ ನೋಡಿ, "ಕಾಲಿಗೆ ಗಟ್ಟಿ ನೆಲ ಸಿಕ್ತದಾ?" ಅಂದಳು. ಸಿಗುತ್ತೆ ಅವ್ವ ಅಂದೆ. ಹೋದ ಏಪ್ರಿಲ್‌ನಲ್ಲಿ ತೆಪ್ಪದಿಂದ ಮಂಕರಿ ಇಳಿಸಿಕೊಂಡು ಬರುವಾಗ ತೊಡೆಯವರೆಗೆ ಕೆಸರಲ್ಲಿ ಹೂತುಹೋಗಿದ್ದಳು. ಮಂಕರಿ ಬಿಡಲಿಲ್ಲ, ಮೊಣಕಾಲು ತಿರುಚಿಕೊಂಡಿತು. ಇವತ್ತಿಗೂ ಮೆಟ್ಟಿಲು ಹತ್ತುವಾಗ ಗೋಡೆ ಹಿಡಿಯುತ್ತಾಳೆ. ಮುದ್ದಮ್ಮನ ಮೀನಿಗೆ ಮಳವಳ್ಳಿ ಸಂತೆಯಲ್ಲಿ ಕಾಯುವ ಜನ ಇದ್ದಾರೆ, ಆ ಮೊಣಕಾಲಿನ ಸುದ್ದಿ ಯಾರಿಗೂ ಗೊತ್ತಿಲ್ಲ.

ಬೇಸಿಗೆಯಲ್ಲಿ ನೀರು... ಬೇಡ. ಕೆರೆ ತುಂಬಿರುವಾಗ ಅದನ್ನು ಬರೆಯಬಾರದು ಅಂತ ಕೈ ತಡೆಯಿತು. ನನ್ನ ಕೈಯೇ!

ಅಕ್ಟೋಬರ್ 17, ಗುರುವಾರ — ಸಂಜೆ

ಇಂಥ ದಿನ ಬರೆಯದೆ ಹೇಗಿರಲಿ. ಕೋಡಿ ಬಿದ್ದು ವಾರವಾಯಿತು, ಇವತ್ತು ಗಂಗಮ್ಮನಿಗೆ ಬಾಗಿನ. ಇಡೀ ಊರು ಏರಿಯ ಮೇಲೆ. ಹೆಂಗಸರೆಲ್ಲ ಮೊರ, ಅರಿಶಿನ, ಬಳೆ. ನಡುವೆ ಜೀಪು! ಇಂಜಿನಿಯರ್ ಶಶಿಧರ್, ಸರ್ವೆಗೆ. ಮೂರು ಕಾಲಿನ ಯಂತ್ರ ಇಳಿಸಿದ ಕೂಡಲೇ ಅಜ್ಜಿಯರು ಅದಕ್ಕೂ ಕುಂಕುಮ ಇಟ್ಟರು.

ಒಳ್ಳೆಯ ಮನುಷ್ಯ. ಒಂದು ಫಾರಂ ತೆಗೆದು ಅಪ್ಪನನ್ನು ಕೇಳಿದರು, ಅಪ್ಪ ಸಂಘದ ಅಧ್ಯಕ್ಷ ತಾನೆ. "ಮರಿಸಿದ್ದಯ್ಯನವರೇ, ನಿಮ್ಮ ದೋಣಿ ಉದ್ದ ಎಷ್ಟು, ಅಗಲ ಎಷ್ಟು?"

"ತೆಪ್ಪ ದುಂಡಗದೆ ಸಾ. ಎತ್ಲಿಂದ ಅಳುದ್ರೂ ಅಷ್ಟೇಯ."

"ಮುಂಭಾಗ ಯಾವುದು ಅಂತಾನೂ ಕೇಳಿದ್ದಾರೆ."

"ಯಾವ್ ಕಡೀಕ್ ಓಯ್ತೀವೋ ಅದೇ ಮುಂದು."

ನಕ್ಕು ನಕ್ಕು ಫಾರಂ ಮೇಲೆ ಶಶಿಧರ್ ಅವರ ಪೆನ್ನು ಜಾರಿತು. ಕೊನೆಗೆ ಎರಡೂ ಕಡೆ ಏಳು ಅಡಿ ಅಂತ ಬರೆದರು.

ಆಮೇಲೆ ಕೇಳಿದರು. "ಬೇಸಿಗೇಲಿ ನೀರು ಎಲ್ಲೀವರೆಗೆ ಹಿಂದೆ ಹೋಗುತ್ತೆ?"

ಏರಿಯ ಮೇಲಿದ್ದವರೆಲ್ಲ ಕೆರೆಯ ಕಡೆ ತಿರುಗಿದರು. ಅವ್ವನ ಕೈಯಲ್ಲಿ ಮೊರ. ಎದುರಿಗೆ ತುಂಬಿದ ಗಂಗಮ್ಮ. ಎರಡು ವರ್ಷ ಕೋಡಿಯೇ ಬೀಳದೆ ಈಗ ತುಂಬಿದ್ದಾಳೆ.

ಅಪ್ಪ ಅಂದ, "ಇಂದ್ಕ್ ಓಗೋದಾ? ನಮ್ ಕೆರೇಲಾ? ಅಂಗನ್ಬ್ಯಾಡಿ ಸಾ. ವರ್ಸಪೂರ್ತಿ ಇಂಗೇಯ."

ಅಂಕಯ್ಯ ತಾತ ತಲೆಯಾಡಿಸಿದರು. ಹದಿನೆಂಟು ತೆಪ್ಪದ ಹದಿನೆಂಟು ಜನವೂ ತಲೆಯಾಡಿಸಿದರು. ನಾನೂ. ಶಶಿಧರ್ ಬರೆದುಕೊಂಡು ಫಾರಂ ತಿರುಗಿಸಿದರು, ಬಾಗಿನದ ಗದ್ದಲದಲ್ಲೇ ಸಹಿ ಹಾಕಿದೆ. ಸುಂದರವಾದ ಸಹಿ. ಉದ್ದ ಬಾಲ.

ಅಪ್ಪ ಸುಳ್ಳು ಹೇಳಲಿಲ್ಲ. ಅದು ಸುಳ್ಳು ಅಂತ ನಮಗೆ ಯಾರಿಗೂ ಅನ್ನಿಸುವುದೇ ಇಲ್ಲ. ಡಬ್ಬಿಯಲ್ಲಿ ಅಕ್ಕಿ ತೀರಿದರೆ ಅವ್ವ "ಹೆಚ್ಚದೆ" ಅನ್ನುತ್ತಾಳೆ, "ತೀರಿತು" ಅನ್ನುವುದಿಲ್ಲ. ದೀಪ ಆರಿಸುವುದಿಲ್ಲ, ದೊಡ್ಡದು ಮಾಡುತ್ತೇವೆ. ತುಂಬಿದ ಕೆರೆಯ ಮುಖ ನೋಡಿಕೊಂಡು ನೀನು ಹೀಗೇ ಇರುವುದಿಲ್ಲ ಅಂತ ಯಾರು ಹೇಳುತ್ತಾರೆ.

ಚೆನ್ನಾಗಿ ಊಟ ಮಾಡಿದೆ. ಖುಷಿಗೆ ಹೊಟ್ಟೆಯೂ ಹಿಗ್ಗುತ್ತದೆ.

ಅಕ್ಟೋಬರ್ 19

ಪ್ಲಾನು ಬಂತು! ವಾಟ್ಸಾಪಿನಲ್ಲಿ. ನೀಲಿ ನೀರು, ಬೂದು ಕಟ್ಟೆ, ಹಸಿರು ಶೆಡ್ಡು. ರಸ್ತೆಯ ಪಕ್ಕದಲ್ಲೇ, ಏರಿಗೆ ತಾಗಿಕೊಂಡು. ನನ್ನ ಒಡಹುಟ್ಟಿದ ಸಿದ್ದೇಶಣ್ಣ ಐದು ನಿಮಿಷದಲ್ಲಿ ಸ್ಟೇಟಸ್‌ಗೆ ಹಾಕಿಬಿಟ್ಟ — "ನಮ್ಮೂರ ಹಾರ್ಬರ್". ಮಹದೇವು ಟೀ ಸೋಸುತ್ತಾ, "ಆರ್ಬರ್ರು ಬಂತು. ಇನ್ ಅಡಗು ಯಾವತ್ ಬತ್ತದ್ಲಾ ಸಿದ್ದೇಸ? ವಸಿ ಮುಂಚೆ ಯೋಳು, ಆಲು ಜಾಸ್ತಿ ತರುಸ್ತೀನಿ." ಇವತ್ತು ಯಾರು ಏನು ರೇಗಿಸಿದರೂ ಸಿಹಿಯೇ.

ಅವ್ವನಿಗೆ ತೋರಿಸಿದೆ. ಫೋನನ್ನು ಆ ಕಡೆ ಈ ಕಡೆ ತಿರುಗಿಸಿ ನೋಡಿದಳು. ಕಟ್ಟೆ ಎಲ್ಲಿ, ಏರಿ ಎಲ್ಲಿ, ತೂಬು ಎಲ್ಲಿ ಅಂತ ಬೆರಳಿಟ್ಟು ಕೇಳಿದಳು. ಆಮೇಲೆ ಮೆಲ್ಲಗೆ:

"ಚಂದಾಗದೆ ಕಣಮ್ಮಿ. ಯುಗಾದಿ ಆದ್ಮೇಲೆ ನಾನ್ ಎಲ್ ನಿಂತ್ಕಳ್ಲಿ?"

ಅಷ್ಟೇ ಕೇಳಿದ್ದು. ಒಳಗೆ ಹೋದಳು, ಈರುಳ್ಳಿ ಹೆಚ್ಚುವ ಸದ್ದು ಬಂತು.

ಅಕ್ಟೋಬರ್ 20

ಮಂದಬುದ್ಧಿ. ಮಂದಬುದ್ಧಿ. ಮಂದಬುದ್ಧಿ. ನನಗೇ.

ಯುಗಾದಿ ಕಳೆದ ಮೇಲೆ ನೀರು ಆ ಕಟ್ಟೆಯಿಂದ ಮುನ್ನೂರು ಹೆಜ್ಜೆ ದೂರ ಇರುತ್ತದೆ. ಮಧ್ಯೆ ಬರೀ ಹೂಳು. ಏರಿಯ ಬುಡವೆಲ್ಲ ಹೂಳು ತುಂಬಿ ಎತ್ತರವಾಗಿದೆ, ಆಳ ಉಳಿದಿರುವುದು ಕೆರೆಯ ನಡುವೆ ಮಾತ್ರ. ಒಳ್ಳೆಯ ಮೀನು ಸಿಗುವುದೇ ಆ ಮೂರು ತಿಂಗಳು. ಸರ್ಕಾರದ ಕಟ್ಟೆ ಒಣ ನೆಲದಲ್ಲಿ ನಿಂತು ಬಿಸಿಲು ಕಾಯುತ್ತದೆ, ಅದರ ಮುಂದೆ ಅವ್ವ ಮಂಕರಿ ಹೊತ್ತು ಮತ್ತೆ ಅದೇ ಕೆಸರಲ್ಲಿ... ಒಂದೇ ಸಲ ಸಿಗುವ ದುಡ್ಡು. ಸಹಿ ಯಾರದ್ದು? ಉದ್ದ ಬಾಲದ್ದು.

ಬರೆದೆ. ಒಣಗುತ್ತದೆ ಅಂತ ಬರೆದೇಬಿಟ್ಟೆ. ಆಗಿದ್ದಾಗಲಿ.

ಅಕ್ಟೋಬರ್ 21, ಸೋಮವಾರ

ಮೊದಲ ಬಸ್ಸಿಗೆ ಹೊರಟೆ. ಮದ್ದೂರಿನಲ್ಲಿ ಬಸ್ಸು ಬದಲಾಯಿಸಿ, ನಿಂತುಕೊಂಡೇ ಮಂಡ್ಯ. ಹನಕೆರೆ ದಾಟುವಾಗ ಹೇಳಬೇಕಾದ್ದನ್ನೆಲ್ಲ ಬಾಯಿಪಾಠ ಮಾಡಿದೆ. ಅಲ್ಲಿ ಹೋಗಿ ಒಂದೂ ನೆನಪಾಗಲಿಲ್ಲ. "ಸಾರ್, ನಮ್ಮ ಕೆರೆ ಒಣಗುತ್ತೆ" ಅಂದುಬಿಟ್ಟೆ.

ಶಶಿಧರ್ ಫೈಲು ತೆಗೆದರು. "ವರ್ಷವಿಡೀ ನೀರಿನ ಮಟ್ಟದಲ್ಲಿ ವ್ಯತ್ಯಾಸವಿರುವುದಿಲ್ಲ — ಸಂಘದ ಅಧ್ಯಕ್ಷರ ಹೇಳಿಕೆ." ಕೆಳಗೆ ಅಪ್ಪನ ಸಹಿ. ಅದರ ಕೆಳಗೆ ನಂದು.

"ಇಡೀ ಊರೇ ತಲೆಯಾಡಿಸಿತಲ್ರೀ!"

ಬಾಗಿನ, ಅಕ್ಕಿ ಹೆಚ್ಚುವುದು, ದೀಪ ದೊಡ್ಡದು ಮಾಡುವುದು, ಎಲ್ಲ ಹೇಳಿದೆ. ಅವರು ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು. "ನಮ್ಮಮ್ಮನೂ ಹಾಗೇ. ನನಗೆ ಹೊಳೀಬೇಕಿತ್ತು." ಉಪಗ್ರಹದ ಚಿತ್ರ ತೆಗೆದು ನೋಡಿದೆವು. ಜೊಂಡು, ನೀರು ಎಲ್ಲ ಒಂದೇ ಹಸಿರು, ಅಂಚು ತಿಳಿಯುವುದಿಲ್ಲ.

ಆದರೆ ದಾರಿ ಇದೆ! ಕಟ್ಟೆಯ ಬದಲು ಉದ್ದನೆ ಇಳಿಜಾರು. ಏರಿಯಿಂದ ಶುರುವಾಗಿ ಬೇಸಿಗೆಯ ನೀರಿನ ಅಂಚಿನವರೆಗೂ ಕಾಂಕ್ರೀಟು. ನೀರು ಎಲ್ಲಿದ್ದರೂ ಕಾಲಿಗೆ ಗಟ್ಟಿ ನೆಲ. ಶೆಡ್ಡು ಚಿಕ್ಕದು ಮಾಡಿದರೆ ಅಷ್ಟೇ ದುಡ್ಡಿನಲ್ಲಿ ಆಗುತ್ತದೆ. ಆದರೆ ಫೈಲಿನಲ್ಲಿರುವ ಹೇಳಿಕೆಯನ್ನು ಹೇಳಿದವರೇ ತಿದ್ದಬೇಕು. ಜಂಟಿ ತಪಾಸಣೆ. ಅಧ್ಯಕ್ಷರು ಸ್ಥಳದಲ್ಲೇ ನಿಂತು ಜಾಗ ತೋರಿಸಿ ಹೇಳಬೇಕು, ಸದಸ್ಯರು ಸಹಿ ಹಾಕಬೇಕು. ನವೆಂಬರ್ 30ರೊಳಗೆ. ಆಮೇಲೆ ಫೈಲು ಹೊರಟುಹೋಗುತ್ತದೆ.

"ಸುಮ್ನೆ 'ದೂರ' ಅಂದ್ರೆ ಆಗಲ್ಲ. ಇಳಿಜಾರು ಹತ್ತು ಅಡಿ ಮೊದಲು ನಿಂತರೂ ವ್ಯರ್ಥ."

ಇಷ್ಟೇ ತಾನೆ ಸಾರ್ ಅಂದೆ. ಬಸ್ಸಿನಲ್ಲಿ ಹಾಡು ಗುನುಗಿಕೊಂಡು ಬಂದೆ.

ಅಕ್ಟೋಬರ್ 22

ಇಷ್ಟೇ ಅಲ್ಲ.

ಅಪ್ಪ ಬಲೆ ಹೊಲಿಯುತ್ತಾ ಕೂತಿದ್ದ. ಎಲ್ಲ ಹೇಳಿದೆ. ತಲೆ ಎತ್ತಲಿಲ್ಲ.

"ತುಂಬಿದ್ ಕೆರೆ ಮುಂದೆ ನಿಂತ್ಕಂಡು ಆ ಮಾತಾಡಾಕಿಲ್ಲ ಕಣಮ್ಮಿ."

"ಅವ್ವನ ಕಾಲು ನೋಡು ಅಪ್ಪ."

"ನೋಡಿವ್ನಿ. ಮೂವತ್ತೊರ್ಸದಿಂದ ನೋಡ್ತಾವ್ನಿ."

"ಹಂಗಾದ್ರೆ ಹೇಳು!"

"ಎರಡೊರ್ಸ ಮುನುಸ್ಕಂಡು ಕುಂತಿದ್ದೋಳು ಈಗ ಬಂದವ್ಳೆ. ಬಂದೋಳ್ಗೆ ಯಾವಾಗ್ ಓಯ್ತೀಯಾ ಅಂತ ಕೇಳ್ತಾರೇನಮ್ಮಿ?"

ನನಗೆ ಸಿಟ್ಟು ಬಂದರೆ ಮುಂದೆ ಹಿಂದೆ ಇಲ್ಲ. ಬಾಗಿಲಿಗೆ ಹೋಗಿ ನಿಂತೆ, ಅಲ್ಲಿಂದ ಕೆರೆ ಕಾಣುತ್ತದೆ. ಜೋರಾಗಿ ಕೂಗಿದೆ: "ಕೆರೆ ಒಣಗುತ್ತೆ! ಏಪ್ರಿಲ್‌ನಲ್ಲಿ ಒಣಗುತ್ತೆ! ಪ್ರತಿ ವರ್ಷ ಒಣಗುತ್ತೆ!" ಅವ್ವ ಓಡಿ ಬಂದು ಬಾಯಿ ಮುಚ್ಚಿದಳು. ಅವಳ ಕೈಯಲ್ಲಿ ಖಾರದ ಪುಡಿ. ತುಟಿ ಉರಿದು ಹೋಯಿತು. ಎದುರು ಮನೆ ಬೆಟ್ಟಮ್ಮ "ಥೂ, ಥೂ" ಅಂತ ಮೂರು ಸಲ ಉಗಿದು ಬಾಗಿಲು ಹಾಕಿಕೊಂಡಳು.

ಸಂಘದ ಲೆಟರ್‌ಹೆಡ್ಡಿನಲ್ಲಿ ಪತ್ರ ಬರೆದಿದ್ದೇನೆ. ಸಹಿಗೆ ಹದಿನೆಂಟು ಜಾಗ ಬಿಟ್ಟಿದ್ದೇನೆ.

ಅಕ್ಟೋಬರ್ 30

ಹದಿನೆಂಟೂ ಖಾಲಿ.

ಜೊತೆಗೆ, ಕೆರೆ ತುಂಬಿಸುವ ನಾಲೆಯಲ್ಲಿ ರಿಪೇರಿ ಅಂತ ಮೇಲಿನಿಂದ ನೀರು ನಿಲ್ಲಿಸಿದ್ದಾರೆ. ಕೋಡಿ ನಿಂತಿತು. ಅಷ್ಟೇ ಸಾಕಾಯಿತು ಊರಿಗೆ. ಮಹದೇವು ಎಲ್ಲರ ಮುಂದೆ ಕೇಳಿದ, "ಎಲ್ಲಿ, ನಾಲ್ಗೆ ಚಾಚಮ್ಮಿ ನೋಡವ. ಮಚ್ಚೆ ಇದ್ದದಾ?" ತಮಾಷೆಗೆ ಅಂದಿದ್ದು, ಆದರೆ ಯಾರೂ ನಗಲಿಲ್ಲ. ಆಡಿದ್ದೆಲ್ಲ ಆಗುವ ನಾಲಿಗೆ ನನ್ನದಂತೆ.

ಮನೆಗೆ ಬಂದು ಕನ್ನಡಿಯಲ್ಲಿ ನೋಡಿಕೊಂಡೆ. ಮಚ್ಚೆ ಇಲ್ಲ. ಇದ್ದಿದ್ದರೆ ಮೊದಲು ನೂರು ಕೋಟಿ ಬರಲಿ ಅಂತ ಹೇಳುತ್ತಿದ್ದೆ.

ಬೆಳಗ್ಗೆ ತೂಕಕ್ಕೆ ಬಂದದ್ದು ನಾಲ್ಕೇ ತೆಪ್ಪ. ಮಿಕ್ಕವರಿಗೆ ನನ್ನ ಮುಖ ಬೇಡವಂತೆ.

ನವೆಂಬರ್ 6

ಎರಡು ತೆಪ್ಪ. ಅಪ್ಪನದು, ಅಣ್ಣನದು. ಅಪ್ಪ ಮಾತಾಡುವುದಿಲ್ಲ, ಮೀನು ಇಟ್ಟು ಹೋಗುತ್ತಾನೆ.

ಶಶಿಧರ್ ಫೋನು ಮಾಡಿದ್ದರು. 20ನೇ ತಾರೀಕು ಬರಲಾ ಅಂದರು. ಬನ್ನಿ ಸಾರ್ ಅಂದೆ. ಯಾವ ಧೈರ್ಯದಲ್ಲಿ ಅಂದೆನೋ.

ನವೆಂಬರ್ 9, ಶನಿವಾರ — ಮಧ್ಯಾಹ್ನ

ಅವಸರಕ್ಕೆ ಅಕ್ಷರ ಕೋಳಿ ಕೆದರಿದ ಹಾಗೆ. ಬರೆಯುತ್ತೇನೆ.

ಅಂಕಯ್ಯ ತಾತ ಬಂದರು. ಜಗಲಿಯಲ್ಲಿ ಕೂತು ಎಲೆಗೆ ಸುಣ್ಣ ಹಚ್ಚಿದರು. ಅಗಿದು ಅಂಗಳಕ್ಕೆ ಉಗಿದರು. ಆಮೇಲೆ,

"ಆ ಇಂಜಿನೀರಪ್ಪನ್ಗೆ ತೋರುಸ್ಬೇಕು ತಾನೆ?"

"ಹ್ಞೂಂ ತಾತ."

"ತೋರ್ಸಾಕ್ ಬಾಯ್ ಯಾಕಮ್ಮಿ?"

ನನಗೆ ಅರ್ಥವಾಗಲಿಲ್ಲ.

"ಬ್ಯಾಸ್ಗೇಲಿ ನಿನ್ ಅಪ್ಪನ್ ತೆಪ್ಪ ಎಲ್ ನಿಂತ್ಕತದೆ? ಅಪ್ಪನ್ ಜಾಗ ಅಪ್ಪನ್ಗೆ. ನನ್ ಜಾಗ ನಂಗೆ. ಮೇಲೆ ಎಷ್ಟ್ ನೀರಿದ್ರೂ ಅದ್ ಎಲ್ಲದೆ ಅಂತ ನಂಗೊತ್ತಿಲ್ವಾ? ದೇವಸ್ತಾನದ್ ಕಳ್ಸ, ಆ ಒಂಟಿ ತಾಳೆಮರ, ಎಲ್ಡೂ ಒಂದ್ ನೇರಕ್ ಬಂದ್ರೆ ಅಲ್ಲಿ ನಾನು. ಅಲ್ ಓಗಿ ನಿಂತ್ಕತೀವಿ. ಯಾರೂ ಏನೂ ಯೋಳಾಕಿಲ್ಲ. ನಿಂತ್ಕತೀವಿ ಅಷ್ಟೇಯ."

ಹದಿನೆಂಟು ತೆಪ್ಪ, ತುಂಬಿದ ಕೆರೆಯ ಮೇಲೆ, ಬೇಸಿಗೆಯ ಅಂಚಿನಲ್ಲಿ!

ತಾತನ ಕಾಲಿಗೆ ಬಿದ್ದೆ. "ಏಳಮ್ಮಿ, ಎಲೆ ಬಿದ್ದೋಯ್ತದೆ" ಅಂದರು. ಸಿದ್ದೇಶಣ್ಣ ಆಗಲೇ ಸೈಕಲ್ ಹತ್ತಿ ಮನೆಮನೆಗೆ ಹೊರಟ.

ನವೆಂಬರ್ 15

ಹದಿನಾರು ಮನೆ ಒಪ್ಪಿತು. ಬಾಯಿ ಬಿಡಬೇಕಾಗಿಲ್ಲ ಅಂದ ಕೂಡಲೇ ಎಲ್ಲರ ಮುಖವೂ ಅರಳಿತಂತೆ. ಬೆಟ್ಟಮ್ಮ ಕೂಡ ಗಂಡನನ್ನು ಕಳಿಸುತ್ತಾಳಂತೆ. ಅಣ್ಣನದು ಸೇರಿ ಹದಿನೇಳು. ನಾಲೆಗೆ ಮತ್ತೆ ನೀರು ಬಿಟ್ಟಿದ್ದಾರೆ. ಮಹದೇವು ಬಿಟ್ಟಿ ಟೀ ಕೊಟ್ಟು, "ನಾಲ್ಗೆ ತೊಳ್ಕಂಡ್ಯಾ?" ಅಂದ. ಅವನನ್ನು ಬೈದು ಟೀ ಕುಡಿದೆ. ಎರಡೂ ಹಿತವಾಗಿತ್ತು.

ಉಳಿದಿದ್ದು ಅಪ್ಪ. ಅಧ್ಯಕ್ಷ. ಅವನು ಇಂಜಿನಿಯರ್ ಪಕ್ಕ ಏರಿಯ ಮೇಲೆ ನಿಲ್ಲಬೇಕು, ಹೇಳಿಕೆ ಕೊಡಬೇಕು. ತಾತನ ಉಪಾಯ ಅಲ್ಲಿ ನಡೆಯುವುದಿಲ್ಲ. ಅಲ್ಲಿ ಬಾಯಿ ಬೇಕೇ ಬೇಕು.

ಕೇಳಿದೆ. "ಬತ್ತೀನಿ. ನಿಂತ್ಕತೀನಿ" ಅಂದ. ಹೇಳುತ್ತೀನಿ ಅನ್ನಲಿಲ್ಲ.

ನವೆಂಬರ್ 19

ನಾಳೆ. ಪತ್ರವನ್ನು ಮೂರು ಸಲ ಮಡಚಿ ಬಿಚ್ಚಿದೆ. ಅವ್ವ ಮಾತ್ರ ನಿರಾಳ, ಮೊಣಕಾಲಿಗೆ ಬಟ್ಟೆ ಬಿಗಿದು ಕಟ್ಟಿಕೊಳ್ಳುತ್ತಿದ್ದಾಳೆ. ಏನಕ್ಕೆ ಅಂದರೆ "ಸುಮ್ಕಿರು" ಅನ್ನುತ್ತಾಳೆ.

ನವೆಂಬರ್ 20, ಬುಧವಾರ

ಎಲ್ಲ ಬರೆಯಬೇಕು. ಒಂದೂ ಬಿಡಬಾರದು.

ಹತ್ತು ಗಂಟೆಗೆ ಜೀಪು ಬಂತು. ಶಶಿಧರ್, ಜೊತೆಗೆ ಇಲಾಖೆಯ ಮೇಡಂ ಒಬ್ಬರು, ಯಂತ್ರ ಹಿಡಿಯುವವರು ಇಬ್ಬರು. ಕೆರೆ ತುಂಬಿ ಬಿಸಿಲಿಗೆ ಫಳಫಳ. ಏರಿಯ ಮೇಲೆ ಅರ್ಧ ಊರು. ಅಪ್ಪ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಕೈಕಟ್ಟಿ ನಿಂತಿದ್ದ.

ಆಗ ಬಂದರು. ಕೇರಿಯ ಕಡೆಯಿಂದ ಸಾಲಾಗಿ, ತಲೆಯ ಮೇಲೆ ತೆಪ್ಪ ಬೋರಲು ಹಾಕಿಕೊಂಡು. ಬರೀ ಕಾಲು ಕಾಣುತ್ತಿತ್ತು. ಯಾರ ಕಾಲು ಯಾರದೆಂದು ನನಗೆ ಗೊತ್ತು. ತಾತನದು ಸೊಟ್ಟ. ಅಣ್ಣನದು ಚಪ್ಪಲಿ ಇಲ್ಲದ ಅಗಲ ಪಾದ. ಮಾತಿಲ್ಲದೆ ಇಳಿದರು, ಮಾತಿಲ್ಲದೆ ಹುಟ್ಟು ಹಾಕಿದರು.

ಮೊದಲು ಅಲ್ಲೊಂದು ಇಲ್ಲೊಂದು. ತಾತ ಕಳಸ ನೋಡಿದರು, ತಾಳೆಮರ ನೋಡಿದರು, ಬಿದಿರಿನ ಗಳು ಇಳಿಬಿಟ್ಟು ತಳ ಮುಟ್ಟಿದರು, ಒಂದು ಸುತ್ತು ಹಿಂದೆ ಸರಿದು ನಿಂತರು. ಅಣ್ಣ ಅವರ ಎಡಕ್ಕೆ. ಬೆಟ್ಟಮ್ಮನ ಗಂಡ ಇನ್ನೂ ಆಚೆಗೆ. ಒಬ್ಬೊಬ್ಬರಾಗಿ ನಿಲ್ಲುತ್ತಾ ಹೋದ ಹಾಗೆ... ಗೆರೆ ಮೂಡಿತು! ನೀರಿನ ನಟ್ಟನಡುವೆ, ಕುಡುಗೋಲಿನ ಹಾಗೆ ಬಾಗಿದ ಗೆರೆ. ಏಪ್ರಿಲ್ ತಿಂಗಳ ಕೆರೆ ನವೆಂಬರ್ ಕೆರೆಯೊಳಗಿಂದ ಎದ್ದು ಬಂತು.

"ಅಲ್ಲೀವರೆಗಾ!" ಅಂದರು ಶಶಿಧರ್. ಯಂತ್ರದವರು ಒಂದೊಂದು ತೆಪ್ಪಕ್ಕೂ ಗುರಿಯಿಟ್ಟು ಅಂಕಿ ಕೂಗತೊಡಗಿದರು.

"ಮಧ್ಯ ಒಂದು ಜಾಗ ಖಾಲಿ ಇದೆಯಲ್ಲ" ಅಂದರು ಮೇಡಂ. "ಇಳಿಜಾರು ಬರೋದೇ ಆ ನೇರಕ್ಕೆ. ಅದರ ಅಳತೆ ಇಲ್ಲದೆ ಹೇಗೆ?"

ಅದು ಅಪ್ಪನ ಜಾಗ. ಅಪ್ಪ ಇಲ್ಲಿದ್ದಾನೆ.

ಅಷ್ಟರಲ್ಲಿ ಕೆಳಗೆ ಹದಿನೆಂಟನೆಯ ತೆಪ್ಪ ನೀರಿಗೆ ಬಿತ್ತು. ಅವ್ವ! ಸೆರಗು ಸೊಂಟಕ್ಕೆ ಸಿಕ್ಕಿಸಿ, ಅಪ್ಪನ ತೆಪ್ಪದಲ್ಲಿ ಒಬ್ಬಳೇ. ಕಟ್ಟಿದ ಮೊಣಕಾಲನ್ನು ಮುಂದಕ್ಕೆ ಚಾಚಿ ಕೂತು ಹುಟ್ಟು ಹಾಕಿದಳು. ಯಾರನ್ನೂ ನೋಡಲಿಲ್ಲ. ನೇರ ಹೋಗಿ ಆ ಖಾಲಿ ಜಾಗದಲ್ಲಿ ನಿಂತಳು. ಅಲ್ಲೇ, ಅದೇ ಜಾಗದಲ್ಲೇ ಏಪ್ರಿಲ್‌ನಲ್ಲಿ ಹೂತುಹೋಗಿದ್ದು. ಅಣ್ಣನೂ ಅಪ್ಪನೂ ಸೇರಿ ಎಳೆದು ತೆಗೆದಿದ್ದು.

ಅಪ್ಪನ ಕಟ್ಟಿದ ಕೈ ಬಿಚ್ಚಿತು.

"ಮರಿಸಿದ್ದಯ್ಯನವರೇ, ನಿಮ್ಮ ಹೇಳಿಕೆ ಬೇಕು" ಅಂದರು ಶಶಿಧರ್, ಮೆತ್ತಗೆ. "ಬೇಸಿಗೇಲಿ ನೀರು ಎಲ್ಲೀವರೆಗೆ ಹೋಗುತ್ತೆ?"

ಅಪ್ಪ ಚಪ್ಪಲಿ ಬಿಟ್ಟ. ಕೆರೆಗೆ ಕೈ ಮುಗಿದ.

"ಬ್ಯಾಸ್ಗೇಲಿ ಗಂಗವ್ವ ತವರಿಗ್ ಓಯ್ತಾಳೆ ಸಾ. ನನ್ ಎಂಡ್ರು ಕುಂತವ್ಳಲ್ಲ, ಅಲ್ಲಿಗಂಟ ಓಯ್ತಾಳೆ. ಓದೋಳು ಬತ್ತಾಳೆ, ಬರದೆ ಇರಾಕಿಲ್ಲ. ಅವ್ಳ್ ಬರೋಗಂಟ ನಾವೇ ಅಲ್ಲಿಗ್ ಇಳ್ದು ಓಗ್ಬೇಕು. ಅದ್ಕೊಂದ್ ದಾರಿ ಮಾಡ್ಕೊಡಿ."

ನಾನು ಅತ್ತೆ. ಎಲ್ಲರ ಮುಂದೆ, ಲೆಟರ್‌ಹೆಡ್ ಒದ್ದೆಯಾಗುವಷ್ಟು. ನನ್ನ ಅಪ್ಪನಿಗೆ ಇಂಥ ಮಾತು ಬರುತ್ತದೆಂದು ನನಗೆ ಗೊತ್ತೇ ಇರಲಿಲ್ಲ. ಇವನನ್ನು ಒಂದು ತಿಂಗಳು ಹಟಮಾರಿ ಅಂತ ಬೈದುಕೊಂಡಿದ್ದೆ.

ಶಶಿಧರ್ ಬರೆದು ಓದಿದರು: "ಬೇಸಿಗೆಯಲ್ಲಿ ನೀರಿನ ಅಂಚು ಏರಿಯಿಂದ ಇನ್ನೂರ ಹದಿನಾಲ್ಕು ಮೀಟರ್ ಹಿಂದಕ್ಕೆ ಸರಿಯುತ್ತದೆ." ಅಪ್ಪ ತಲೆ ಕೊಡವಿದ. "ಅದ್ ನಿಮ್ ಮಾತು, ನಿಮ್ ಪೆನ್ನು. ಕೊಡಿ, ಸೈನ್ ಆಕ್ತೀನಿ."

ಆಮೇಲೆ ಹದಿನೇಳು ಜನ ಒದ್ದೆ ಕೈಯಲ್ಲೇ ಸಹಿ ಹಾಕಿದರು. ಅವ್ವ ಹತ್ತಿ ಬಂದಾಗ ಅಪ್ಪ ಏರಿಯಿಂದ ಅರ್ಧ ಇಳಿದು ಹೋಗಿ ಕೈ ಕೊಟ್ಟ. "ನನ್ ತೆಪ್ಪ ಯಾರ್ನ್ ಕೇಳಿ ತಕ್ಕಂಡೆ?" ಅಂದ. "ಇನ್ಯಾರ್ನ್ ಕೇಳ್ಬೇಕಿತ್ತು?" ಅಂದಳು.

ನವೆಂಬರ್ 28

ಹೊಸ ಎಸ್ಟಿಮೇಟ್ ಹೋಯಿತು. ಎರಡು ದಿನ ಮುಂಚೆ! ಶೆಡ್ಡು ಚಿಕ್ಕದು, ಇಳಿಜಾರು ಉದ್ದ. ಫಾರಂನಲ್ಲಿ ದೋಣಿಯ ಮುಂಭಾಗದ ಎದುರು "ಅನ್ವಯಿಸುವುದಿಲ್ಲ" ಅಂತ ಬರೆದಿದ್ದಾರೆ.

ಫೆಬ್ರವರಿ 14

ಮಂಜೂರಾತಿ ಆದೇಶ ಬಂತು!!!

ಸಂಘದ ಕೋಣೆಯಲ್ಲಿ ಎದ್ದು ನಿಂತು ಓದಿದೆ. ಮೂರು ಸಲ ಓದಿಸಿದರು. ತಾತ ನಾಲ್ಕನೇ ಸಲ ಕೇಳಿದರು.

ಏಪ್ರಿಲ್ 11

ಬರೆಯಲು ಪುರುಸೊತ್ತೇ ಇಲ್ಲ. ದಿನವೂ ಅಲ್ಲೇ. ಮೇಲಿನ ಅರ್ಧ ಆಯಿತು. ಕೆಳಗಿನ ತುದಿಗೆ ನೀರು ಇನ್ನೂ ಇಳಿಯಬೇಕು. ಇಳಿಯಲಿ ಅಂತ ಯಾರೂ ಹೇಳುವುದಿಲ್ಲ, ಆದರೆ ಎಲ್ಲರಿಗೂ ಅವಸರ. ಟೀ ಅಂಗಡಿಯಲ್ಲಿ ದಿನಾ ಬೆಳಗ್ಗೆ ಒಂದೇ ಪ್ರಶ್ನೆ: "ಒಂಟ್ಳಾ ತವರಿಗೆ?" "ಗಂಟು ಕಟ್ತಾವ್ಳೆ." ಕಂಟ್ರಾಕ್ಟರು ಬೇರೆ ಊರಿನವನು, ಯಾರ ಮನೆ ಹೆಂಗಸಿನ ಸುದ್ದಿ ಅಂತ ತಿಳಿಯದೆ ಒಂದು ವಾರ ಮರ್ಯಾದೆಯಿಂದ ಸುಮ್ಮನಿದ್ದನಂತೆ.

ಏಪ್ರಿಲ್ 27

ಕೊನೆಯ ಹದಿನೈದು ಅಡಿಗೆ ಮರಳಿನ ಮೂಟೆ ಒಡ್ಡಿ ಕಾಂಕ್ರೀಟು ಸುರಿದರು. ನೀರು ಬಂದು ನಿಂತಿರುವುದು ತೆಪ್ಪಗಳು ನಿಂತ ಗೆರೆಯಲ್ಲೇ. ಎರಡು ಹೆಜ್ಜೆ ಆಚೆಯಿಲ್ಲ, ಈಚೆಯಿಲ್ಲ. ಶಶಿಧರ್ ಟೇಪು ಹಿಡಿದು ಅಳೆದು, ಟೇಪು ಬಿಟ್ಟು ತಾತನನ್ನೇ ನೋಡುತ್ತಾ ನಿಂತರು.

ಕ್ಯೂರಿಂಗ್ ಮುಗಿಯುವವರೆಗೆ ಯಾರೂ ಕಾಲಿಡಬಾರದಂತೆ. ಅವ್ವ ಮೂರು ಹೊತ್ತೂ ಹೋಗಿ ನೋಡಿ ಬರುತ್ತಾಳೆ.

ಮೇ 16, ಶುಕ್ರವಾರ — ಬೆಳಗ್ಗೆ ಎಂಟೂವರೆ

ಓಡಿಬಂದು ಬರೆಯುತ್ತಿದ್ದೇನೆ.

ಇವತ್ತೇ ಮೊದಲು. ಉದ್ಘಾಟನೆ ಮುಂದಿನ ವಾರ, ಆದರೆ ಮೀನು ಕಾಯುತ್ತದೆಯೇ. ಆರು ಗಂಟೆಗೆ ಅಪ್ಪನ ತೆಪ್ಪ ಬಂದು ತುದಿಗೆ ತಾಗಿತು. ದೊಡ್ಡ ದೊಡ್ಡ ಕಾಟ್ಲಾ! ಅವ್ವ ಮೇಲಿನಿಂದ ಇಳಿದು ಹೋದಳು. ಎಡಕ್ಕೆ ಬಲಕ್ಕೆ ಕಪ್ಪು ಹೂಳು, ನಡುವೆ ಬಿಳಿ ದಾರಿ. ಮೊದಲು ಗಳು ಊರಿಕೊಂಡು ಹೆಜ್ಜೆ ಇಟ್ಟಳು, ಅರ್ಧ ದಾರಿಯಲ್ಲಿ ಗಳು ಕಂಕುಳಿಗೆ ಹೋಯಿತು. ಅಪ್ಪ ಮಂಕರಿ ತಲೆಗೆ ಏರಿಸಿದ. ತಿರುಗಿ ಹತ್ತಿ ಬಂದಳು. ಎಲ್ಲೂ ನಿಲ್ಲಲಿಲ್ಲ. ಏರಿಯ ಮೇಲೆ ಇದ್ದವರು ಯಾರೂ ಚಪ್ಪಾಳೆ ಹೊಡೆಯಲಿಲ್ಲ, ಬಾಯಿ ತೆರೆದು ನೋಡಿದರು ಅಷ್ಟೆ.

ಮಂಕರಿ ಇಳಿಸಿ ಮನೆಗೆ ಬಂದಳು. ನೇರ ಹಿತ್ತಲಿಗೆ. ಚೊಂಬಿನಲ್ಲಿ ಮೊಗೆದು ಕಾಲಿಗೆ ಹೊಯ್ದುಕೊಂಡಳು. ಇನ್ನೊಂದು ಚೊಂಬು. ಪಾದವನ್ನು ಕಲ್ಲಿಗೆ ತಿಕ್ಕಿದಳು, ಬೆರಳ ಸಂದಿಗೆ ಕೈ ಹಾಕಿದಳು. ಮೂವತ್ತು ವರ್ಷದ ಅಭ್ಯಾಸ. ಹಾಗೇ ಬಗ್ಗಿ ನಿಂತುಬಿಟ್ಟಳು. ಕಲ್ಲಿನ ಮೇಲೆ ಹರಿಯುತ್ತಿದ್ದ ನೀರು ತಿಳಿಯಾಗಿತ್ತು.

"ಅಮ್ಮಿ," ಅಂದಳು, "ಏನ್ ತೊಳೀತಿವ್ನಿ ನಾನು?"

ಓಡಿ ಹೋಗಿ ಎರಡೂ ಪಾದ ಹಿಡಿದು ನೋಡಿದೆ. ಹೂಳಿಲ್ಲ, ಏನೂ ಇಲ್ಲ. ಬರೀ ಅವ್ವನ ಕಾಲು. ಹಿಮ್ಮಡಿಯ ಬಿರುಕಿನ ಬಣ್ಣ ಇದೇ ಅಂತ ನನಗೆ ಇವತ್ತೇ ಗೊತ್ತಾದದ್ದು. ಅವಳು ನಗುತ್ತಾ ಇದ್ದಳೋ ಅಳುತ್ತಾ ಇದ್ದಳೋ, ನನ್ನ ತಲೆಯ ಮೇಲೆ ಒದ್ದೆ ಕೈ ಇಟ್ಟು—

ಇರು, ಅಣ್ಣ ಕೂಗುತ್ತಿದ್ದಾನೆ, ತಾತನ ತೆಪ್ಪ ತುದಿಗೆ ಬಂತಂತೆ, ಅವ್ವ ಆಗಲೇ ಖಾಲಿ ಮಂಕರಿ ಎತ್ತಿಕೊಂಡು ಓಡು